ಬಾಲಕಿಯರ ಮಂಡಿಯ ರಕ್ಷಣೆ: ಆಟಕ್ಕೆ ಮುನ್ನ ಹದಿನೈದು ನಿಮಿಷ

ಖೋ-ಖೋ ಆಡುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಓಟದ ನಡುವೆ ಥಟ್ಟನೆ ದಿಕ್ಕು ಬದಲಿಸುತ್ತಾಳೆ. ಯಾರೂ ತಾಗದಿದ್ದರೂ ಮಂಡಿ ಹಿಡಿದು ಕುಸಿಯುತ್ತಾಳೆ. ಹೀಗಾದಾಗ ಮಂಡಿಯೊಳಗಿನ ಮುಂಭಾಗದ ಅಡ್ಡ ಅಸ್ಥಿರಜ್ಜು ಹರಿದಿರುವ ಸಂಭವವುಂಟು. ವೈದ್ಯರು ಇದನ್ನು ಎ.ಸಿ.ಎಲ್. ಎನ್ನುತ್ತಾರೆ. ಶಸ್ತ್ರಚಿಕಿತ್ಸೆಯಾದ ಮೇಲೂ ಆಟಕ್ಕೆ ಮರಳಲು ಸುಮಾರು ಒಂಬತ್ತು ತಿಂಗಳು ಅಥವಾ ಅದಕ್ಕೂ ಹೆಚ್ಚು ಕಾಲ ಬೇಕು. ಅನೇಕ ಬಾಲಕಿಯರ ಆಟ ಅಲ್ಲಿಗೇ ಮುಗಿದುಹೋಗುತ್ತದೆ.

ಕಣಕಾಲಿನ ಮೂಳೆಯು ತೊಡೆಮೂಳೆಯ ಕೆಳಗೆ ಮುಂದಕ್ಕೆ ಜಾರದಂತೆ, ತಿರುಚದಂತೆ ತಡೆಯುವುದು ಈ ರಜ್ಜುವಿನ ಕಾರ್ಯ. ಮಂಡಿಯನ್ನು ಬಾಗಿಸದೆ ನೆಲಕ್ಕಿಳಿದಾಗ ತೊಡೆಯ ಮುಂಭಾಗದ ಸ್ನಾಯು ಕಣಕಾಲಿನ ಮೂಳೆಯನ್ನು ಮುಂದಕ್ಕೆ ಎಳೆಯುತ್ತದೆ. ಅದನ್ನು ಹಿಂದಕ್ಕೆ ಹಿಡಿಯಬೇಕಾದ ತೊಡೆಯ ಹಿಂಭಾಗದ ಸ್ನಾಯುಗಳಿಗೆ ಆ ಭಂಗಿಯಲ್ಲಿ ಹಿಡಿತ ದೊರೆಯದು. ಅದೇ ಕ್ಷಣದಲ್ಲಿ ಮಂಡಿ ಒಳಮುಖವಾಗಿ ವಾಲಿದರೆ ರಜ್ಜುವಿನ ಮೇಲಿನ ಒತ್ತಡ ಇನ್ನಷ್ಟು ಹೆಚ್ಚುತ್ತದೆ. ಪಾದ ನೆಲಕ್ಕೆ ತಾಗಿದ ಬಳಿಕ ಸೆಕೆಂಡಿನ ಹತ್ತನೆಯ ಒಂದು ಭಾಗ ಕಳೆಯುವುದರೊಳಗೆ ಇದೆಲ್ಲ ಸಂಭವಿಸುತ್ತದೆ. ಆಲೋಚಿಸಿ ತಿದ್ದಿಕೊಳ್ಳಲು ಅಲ್ಲಿ ಸಮಯವಿಲ್ಲ. ಆದುದರಿಂದ ಸರಿಯಾದ ಭಂಗಿ ಮೊದಲೇ ಅಭ್ಯಾಸವಾಗಿರಬೇಕು.

ಒಂದೇ ಬಗೆಯ ಆಟಗಳಲ್ಲಿ ಬಾಲಕರಿಗಿಂತ ಬಾಲಕಿಯರಿಗೆ ಈ ಗಾಯ ಎರಡು ಪಟ್ಟು ಅಥವಾ ಅದಕ್ಕೂ ಹೆಚ್ಚಾಗಿ ಆಗುತ್ತದೆ. ಹರೆಯದಲ್ಲಿ ಕಾಲು ಉದ್ದವಾಗುತ್ತದೆ, ತೂಕ ಏರುತ್ತದೆ. ಅವನ್ನು ನಿಯಂತ್ರಿಸುವ ಸ್ನಾಯುಬಲ ಬಾಲಕಿಯರಲ್ಲಿ ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ. ಇದು ಅವರನ್ನು ಆಟದಿಂದ ದೂರವಿಡಲು ಕಾರಣವಲ್ಲ. ತರಬೇತಿ ನೀಡಲು ಕಾರಣ.

ಸ್ವೀಡನ್ನಿನಲ್ಲಿ 12ರಿಂದ 17 ವಯಸ್ಸಿನ 4,500ಕ್ಕೂ ಹೆಚ್ಚು ಫುಟ್‌ಬಾಲ್ ಆಟಗಾರ್ತಿಯರ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ವಾರಕ್ಕೆರಡು ಬಾರಿ ಹದಿನೈದು ನಿಮಿಷಗಳ ವ್ಯಾಯಾಮ ಮಾಡಿದ ತಂಡಗಳಲ್ಲಿ ಈ ರಜ್ಜುವಿನ ಗಾಯಗಳು ಶೇ. 64ರಷ್ಟು ಕಡಿಮೆಯಾಗಿದ್ದವು. ಆ ವ್ಯಾಯಾಮಗಳಿಗೆ ವಿಶೇಷ ಉಪಕರಣಗಳ ಅಗತ್ಯವಿಲ್ಲ. ನಮ್ಮ ಶಾಲಾ ಮೈದಾನಗಳಲ್ಲಿಯೂ ಅವನ್ನು ಮಾಡಿಸಬಹುದು:

1. ಒಂದು ಕಾಲಿನ ಮೇಲೆ ನಿಂತು ಮಂಡಿಯನ್ನು ನಿಧಾನವಾಗಿ ಬಾಗಿಸಿ ಏಳುವುದು.
2. ಅಂಗಾತ ಮಲಗಿ, ಪಾದವೂರಿ ಸೊಂಟವನ್ನು ಮೇಲೆತ್ತುವುದು.
3. ಎರಡೂ ಕಾಲುಗಳ ಮೇಲೆ ಅರ್ಧ ಬೈಠಕ್.
4. ಮೊಣಕೈ ಮತ್ತು ಕಾಲ್ಬೆರಳುಗಳನ್ನು ಊರಿ ದೇಹವನ್ನು ಹಲಗೆಯಂತೆ ನೇರವಾಗಿ ಹಿಡಿಯುವುದು.
5. ಒಂದು ಕಾಲನ್ನು ದೂರ ಮುಂದಿಟ್ಟು ಮಂಡಿ ಬಾಗಿಸುವುದು.
6. ಜಿಗಿದು ಸದ್ದಿಲ್ಲದಂತೆ ಇಳಿಯುವುದು.

ವ್ಯಾಯಾಮ ಮಾಡಿಸುವಾಗ ಶಿಕ್ಷಕರು ವಿದ್ಯಾರ್ಥಿನಿಯ ಎದುರು ನಿಂತು, ಮಂಡಿಯು ಕಾಲ್ಬೆರಳಿನ ನೇರಕ್ಕೇ ಇದೆಯೇ ಎಂದು ನೋಡಬೇಕು. ಒಳಕ್ಕೆ ವಾಲಿದರೆ ಆಗಲೇ ತಿದ್ದಬೇಕು. “ಮಂಡಿ ಬಾಗಲಿ, ಮೆಲ್ಲಗೆ ಇಳಿ” ಎಂಬಂತಹ ಚಿಕ್ಕ ಸೂಚನೆ ಸಾಕು. ಮಗುವಿನ ಮನೆಮಾತಿನಲ್ಲಿದ್ದರೆ ಅದು ಬೇಗ ನಾಟುತ್ತದೆ.

ಮಂಡಿಯಲ್ಲಿ ‘ಟಪ್’ ಎಂಬ ಸದ್ದು ಕೇಳಿಸಿದರೆ, ಕೆಲವೇ ಗಂಟೆಗಳಲ್ಲಿ ಬಾವು ಬಂದರೆ ಅಥವಾ ಹೆಜ್ಜೆಯಿಟ್ಟಾಗ ಮಂಡಿ ಕುಸಿದಂತಾದರೆ ಆಟವನ್ನು ಮುಂದುವರಿಸಗೊಡಬಾರದು. ಎಣ್ಣೆ ಹಚ್ಚಿ ನೀವುವುದಾಗಲಿ, ಕಾಲನ್ನು ಎಳೆಯುವುದಾಗಲಿ ಸಲ್ಲದು. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನಿಟ್ಟು ಮೂಳೆತಜ್ಞರಲ್ಲಿಗೆ ಕಳುಹಿಸಬೇಕು.

ಪಂದ್ಯದ ಹಿಂದಿನ ದಿನ ಮಾತ್ರ ಮಾಡಿಸಿದ ವ್ಯಾಯಾಮದಿಂದ ಪ್ರಯೋಜನವಿಲ್ಲ. ವರ್ಷದ ಆರಂಭದಿಂದಲೇ ಇದನ್ನು ಆಟದ ಅವಧಿಯ ಅಂಗವಾಗಿಸಿಕೊಂಡರೆ, ಆಟ ಬಿಡಬೇಕಾಗಿ ಬರುವ ಬಾಲಕಿಯರ ಸಂಖ್ಯೆ ಖಂಡಿತವಾಗಿ ಕಡಿಮೆಯಾದೀತು.