ದಿನಕ್ಕೆ 205 ರೂಪಾಯಿ

2025ರ ಜುಲೈನಲ್ಲಿ ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ಬಂದ ಜಿಎಸ್‌ಟಿ ನೋಟಿಸ್ ರಾಜ್ಯದ ತುಂಬ ಸುದ್ದಿಯಾಯಿತು. ನಾಲ್ಕು ವರ್ಷಗಳಲ್ಲಿ ಅವರು ಯುಪಿಐ ಮೂಲಕ ಪಡೆದ ಹಣ 1.63 ಕೋಟಿ ರೂಪಾಯಿ, ಅದಕ್ಕೆ ಕಟ್ಟಬೇಕಾದದ್ದು ಸುಮಾರು 29 ಲಕ್ಷ. ಕೋಟಿ ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಕಣ್ಣ ಮುಂದೆ ಬಂಗಲೆ, ಕಾರು ಬಂದು ನಿಲ್ಲುತ್ತವೆ. ಈ ಕೋಟಿಯನ್ನು ಬಿಡಿಸಿ ನೋಡಬೇಕು.

ಇಲಾಖೆ ಲೆಕ್ಕ ಹಿಡಿದದ್ದು 2021–22ರಿಂದ 2024–25ರವರೆಗೆ, ಅಂದರೆ 1,461 ದಿನ. 1.63 ಕೋಟಿಯನ್ನು ಅಷ್ಟು ದಿನಗಳಿಗೆ ಹಂಚಿದರೆ ದಿನಕ್ಕೆ 11,157 ರೂಪಾಯಿ. ತರಕಾರಿಗೆ ಸರಾಸರಿ ಕಿಲೋಗೆ 30 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ 372 ಕಿಲೋ, ಐವತ್ತು ಕಿಲೋದ ಏಳೆಂಟು ಚೀಲ. ಒಬ್ಬೊಬ್ಬ ಗಿರಾಕಿ 50 ರೂಪಾಯಿಯ ಕಾಯಿಪಲ್ಲೆ ಒಯ್ದರೆ ದಿನಕ್ಕೆ 223 ಜನ. ಹನ್ನೆರಡು ತಾಸು ಅಂಗಡಿ ತೆರೆದಿದ್ದರೆ ಹೆಚ್ಚುಕಡಿಮೆ ಮೂರು ನಿಮಿಷಕ್ಕೊಬ್ಬರು. ಕೋಟಿ ಎಂದರೆ ಇಷ್ಟೇ: ಬೆಳಗಿನಿಂದ ರಾತ್ರಿಯವರೆಗೆ ತಕ್ಕಡಿ ಎತ್ತಿ ಇಳಿಸುವುದು, ನಾಲ್ಕು ವರ್ಷ ಒಂದು ದಿನವೂ ತಪ್ಪದೆ.

ಇದಕ್ಕಿಂತ ದಂಗುಬಡಿಸುವ ಲೆಕ್ಕ ಮುಂದಿದೆ. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಮಾಡಿಸಬೇಕು. ಸೇವೆ ಕೊಡುವವರಿಗೆ ಆ ಮಿತಿ 20 ಲಕ್ಷ. 1.63 ಕೋಟಿಯನ್ನು ನಾಲ್ಕರಿಂದ ಭಾಗಿಸಿ: ವರ್ಷಕ್ಕೆ ಸರಾಸರಿ 40 ಲಕ್ಷ 75 ಸಾವಿರ. ಮಿತಿ ದಾಟಿದ್ದು ವರ್ಷಕ್ಕೆ 75 ಸಾವಿರ, ದಿನಕ್ಕೆ 205 ರೂಪಾಯಿ. 50 ರೂಪಾಯಿಯ ಗಿರಾಕಿಗಳು ದಿನಕ್ಕೆ ಐದು ಜನ ಕಡಿಮೆ ಬಂದಿದ್ದರೆ ಈ ಸರಾಸರಿ ಗೆರೆಯ ಒಳಗೇ ಇರುತ್ತಿತ್ತು. ಆ 205 ರೂಪಾಯಿಯ ಆಚೆ 29 ಲಕ್ಷ ಕೂತಿತ್ತು.

29 ಲಕ್ಷವನ್ನು 1.63 ಕೋಟಿಗೆ ಹೋಲಿಸಿದರೆ ಶೇಕಡಾ 18ರ ಹತ್ತಿರ ಬರುತ್ತದೆ. ತಾಜಾ ತರಕಾರಿಗೆ ಜಿಎಸ್‌ಟಿ ಶೇಕಡಾ ಸೊನ್ನೆ. ಅಷ್ಟೇ ಅಲ್ಲ, ತೆರಿಗೆ ವಿನಾಯಿತಿ ಇರುವ ಸರಕನ್ನು ಮಾತ್ರ ಮಾರುವವರು ಎಷ್ಟೇ ವಹಿವಾಟು ಮಾಡಿದರೂ ನೋಂದಣಿ ಬೇಕಿಲ್ಲ ಎಂದು ಜಿಎಸ್‌ಟಿ ಕಾಯ್ದೆಯ 23ನೇ ಸೆಕ್ಷನ್ ಹೇಳುತ್ತದೆ. ಕಾಯ್ದೆ ಸರಿಯಾಗಿಯೇ ಇದೆ. ಹಾಗಾದರೆ 29 ಲಕ್ಷ ಬಂದದ್ದು ಎಲ್ಲಿಂದ?

ಕ್ಯೂಆರ್ ಕೋಡಿನಿಂದ. ಅಂಗಡಿಯ ಮುಂದೆ ನೇತುಬಿದ್ದ ಆ ಚೌಕಕ್ಕೆ ಎಷ್ಟು ಹಣ ಬಂತೆಂಬುದು ಪೈಸೆಪೈಸೆಯಾಗಿ ಗೊತ್ತು, ಯಾವುದಕ್ಕೆ ಬಂತೆಂಬುದು ಗೊತ್ತಿಲ್ಲ. ಟೊಮೆಟೊಗೆ ಬಂದ 40 ರೂಪಾಯಿ, ತಮ್ಮ ತೀರಿಸಿದ ಕೈಗಡ, ಮದುವೆಗೆಂದು ನೆಂಟರು ಕಳಿಸಿದ ಹಣ ಎಲ್ಲವೂ ಒಂದೇ ಸಾಲಿನಲ್ಲಿ ಕೂತಿರುತ್ತವೆ. ತೆರಿಗೆ ಹಾಕಬೇಕಾದದ್ದು ಮಾರಾಟಕ್ಕೆ. ಕಂಪ್ಯೂಟರಿಗೆ ಕಂಡದ್ದು ಜಮೆ.

ಆ ಕಂಪ್ಯೂಟರಿನ ಎದುರು ಹರಿಯುವ ಹೊಳೆಯಾದರೂ ಎಂಥದ್ದು! 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ ನಡೆದ ಯುಪಿಐ ವ್ಯವಹಾರ 2,001 ಕೋಟಿ. ದಿನಕ್ಕೆ 64 ಕೋಟಿಗೂ ಮಿಕ್ಕಿ, ಸೆಕೆಂಡಿಗೆ ಸುಮಾರು 7,470. 2011ರ ಜನಗಣತಿಯಂತೆ ಹಾವೇರಿ ಜಿಲ್ಲೆಯ ಜನಸಂಖ್ಯೆ 15,97,668. ತೊಟ್ಟಿಲ ಕೂಸಿನಿಂದ ಹಣ್ಣುಹಣ್ಣು ಮುದುಕರವರೆಗೆ ಜಿಲ್ಲೆಯ ಪ್ರತಿಯೊಬ್ಬರೂ ಒಂದೊಂದು ಸಲ ಸ್ಕ್ಯಾನ್ ಮಾಡಿದರೆ ಎಷ್ಟಾಗುತ್ತದೋ, ಅಷ್ಟು ವ್ಯವಹಾರ ದೇಶದಲ್ಲಿ ಮೂರೂವರೆ ನಿಮಿಷದಲ್ಲಿ ಮುಗಿಯುತ್ತದೆ. ಯುಪಿಐ ಶುರುವಾದದ್ದು 2016ರಲ್ಲಿ. ಅದಕ್ಕೂ ಮೊದಲು ಗಲ್ಲಾಪೆಟ್ಟಿಗೆಯ ಕತ್ತಲಲ್ಲಿ ಕರಗಿಹೋಗುತ್ತಿದ್ದ ಹತ್ತು ರೂಪಾಯಿ ಇವತ್ತು ದಿನಾಂಕ, ವೇಳೆ ಸಮೇತ ದಾಖಲೆಯಾಗಿ ಉಳಿಯುತ್ತದೆ.

ಅದೇ ಹಾವೇರಿ ಜಿಲ್ಲೆಯ ಸವಣೂರಿನ ಒಂದು ಖಾರದ ಅಂಗಡಿಯ ಮುಂದೆ ನಿಂತು ನೋಡಿ. "ಎಷ್ಟಾತ್ರೀ ಅಣ್ಣಾರ?" "ಎಂಬತ್ತ್ ರೂಪಾಯಿ ಅಕ್ಕಾರ, ಅಲ್ಲೇ ಸ್ಕ್ಯಾನ್ ಮಾಡ್ರಿ." ಯುಪಿಐನ ಮಾತಾಡುವ ಪೆಟ್ಟಿಗೆ ಎಂಬತ್ತು ರೂಪಾಯಿ ಬಂತೆಂದು ಕೂಗುತ್ತದೆ. ಆ ಎಂಬತ್ತರೊಳಗೆ ಏನೇನಿತ್ತು? ಚೀಲದಿಂದ ಅಳೆದು ಕೊಟ್ಟ ಮಂಡಕ್ಕಿಗೆ ತೆರಿಗೆ ಇಲ್ಲ. ಅದೇ ಮಂಡಕ್ಕಿಯನ್ನು ಲೇಬಲ್ ಹಚ್ಚಿ ಪೊಟ್ಟಣ ಕಟ್ಟಿದ್ದರೆ ಶೇ 5. ಬಿಡಿ ಖಾರಕ್ಕೆ ಶೇ 5, ಬ್ರ್ಯಾಂಡಿನ ಪೊಟ್ಟಣದ ಖಾರಕ್ಕೆ ಆಗ ಶೇ 12. ಪಕ್ಕದ ಅಂಗಡಿಯ ಸವಣೂರು ವೀಳ್ಯದೆಲೆಗೆ ತೆರಿಗೆ ಇಲ್ಲ. ಹಾನಗಲ್ಲಿನ ಮಾವಿನಹಣ್ಣಿಗೆ ಸೊನ್ನೆ; ಹೋಳು ಮಾಡಿ ಒಣಗಿಸಿದರೆ ಶೇ 5, ಅರೆದು ತಿರುಳು ಮಾಡಿದರೆ ಶೇ 12 ಇತ್ತು. ಹಿರೇಕೆರೂರಿನ ಗೋವಿನಜೋಳದ ಚೀಲಕ್ಕೆ ತೆರಿಗೆ ಇಲ್ಲ, ಹತ್ತಿಗೆ ಶೇ 5. ಹಸಿಮೆಣಸಿನಕಾಯಿಗೆ ಸೊನ್ನೆ, ಅದೇ ಕಾಯಿ ಕೆಂಪಾಗಿ ಬಿಸಿಲಿಗೆ ಒಣಗಿದರೆ ಶೇ 5. ಇಂಥ ಭೇದಗಳು ಆ ಎಂಬತ್ತು ರೂಪಾಯಿಯೊಳಗೂ ಇರುತ್ತವೆ. ಪೆಟ್ಟಿಗೆ ಕೂಗಿದ್ದು ಎಂಬತ್ತು ಮಾತ್ರ.

ಸೇವೆಯ 20 ಲಕ್ಷದ ಮಿತಿಯನ್ನೂ ಬೀದಿಗೆ ಇಳಿಸಿ ನೋಡೋಣ. ಚಹಾದಂಗಡಿ, ಖಾನಾವಳಿಗಳು ಇದರಡಿ ಬರುತ್ತವೆ. ದಿನಕ್ಕೆ 5,479 ರೂಪಾಯಿ, ಹತ್ತು ರೂಪಾಯಿಯಂತೆ 548 ಕಪ್ ಚಹಾ. ಪುಣೆ–ಬೆಂಗಳೂರು ಹೆದ್ದಾರಿ ಶಿಗ್ಗಾವಿಯನ್ನು ಮುಟ್ಟಿಕೊಂಡೇ ಹೋಗುತ್ತದೆ. ಲಾರಿ, ಬಸ್ಸು ನಿಲ್ಲುವ ಜಾಗದಲ್ಲಿ ಗಂಡಹೆಂಡತಿ ಇಬ್ಬರೇ ನಡೆಸುವ ಅಂಗಡಿಯಲ್ಲೂ ಚಹಾದ ಜೊತೆ ಮಿರ್ಚಿ, ಗಿರಮಿಟ್ಟು ಸೇರಿದರೆ ಈ ಮೊತ್ತ ಆಗಿಬಿಡಬಹುದು. ಹಾಲು, ಸಕ್ಕರೆ, ಗ್ಯಾಸು, ಬಾಡಿಗೆ ಕಳೆದು ಅವರಿಗೆ ಉಳಿಯುವುದೆಷ್ಟು ಎಂಬುದನ್ನು ಈ ಮಿತಿ ಕೇಳುವುದಿಲ್ಲ. ಅದು ಅಳೆಯುವುದು ವಹಿವಾಟನ್ನು, ಗಳಿಕೆಯನ್ನಲ್ಲ. ತರಕಾರಿ ವ್ಯಾಪಾರಿಗೆ ನೂರಕ್ಕೆ ಹತ್ತು ಉಳಿಯಿತೆಂದು ಧಾರಾಳವಾಗಿ ಹಿಡಿದರೂ ನಾಲ್ಕು ವರ್ಷದ ದುಡಿಮೆ 16 ಲಕ್ಷ 30 ಸಾವಿರ. ನೋಟಿಸಿನಲ್ಲಿದ್ದದ್ದು 29 ಲಕ್ಷ.

ಜಿಎಸ್‌ಟಿ ಎಂದರೆ ಗಿರಾಕಿಯಿಂದ ಪಡೆದು ಸರ್ಕಾರಕ್ಕೆ ಮುಟ್ಟಿಸುವ ತೆರಿಗೆ. ಮಾರುವಾಗಲೇ ಬೆಲೆಯ ಮೇಲೆ ಅದನ್ನು ಕೂಡಿಸಿಕೊಳ್ಳಬೇಕು. ನಾಲ್ಕು ವರ್ಷದ ಹಿಂದೆ ಬದನೆಕಾಯಿ ಒಯ್ದವರನ್ನು ಹುಡುಕಿ ಈಗ ತೆರಿಗೆ ಕೊಡಿ ಎನ್ನಲು ಸಾಧ್ಯವೇ? ಹಿಂದಿನ ದಿನಗಳ ಮೇಲೆ ಹಾಕಿದ ಈ ಲೆಕ್ಕ ದಿನಕ್ಕೆ 1,985 ರೂಪಾಯಿ ಆಗುತ್ತದೆ, ಪೂರ್ತಿ ವ್ಯಾಪಾರಿಯ ಕಿಸೆಯಿಂದಲೇ ಹೋಗಬೇಕು. ಇದು ನ್ಯಾಯವಲ್ಲ ಎಂದು ನಾನು ಬಲವಾಗಿ ನಂಬುತ್ತೇನೆ.

ಹೀಗೆ ಅನಿಸಿದ್ದು ನನಗೊಬ್ಬನಿಗೇ ಅಲ್ಲ. ಜುಲೈ 23 ಮತ್ತು 24ರಂದು ರಾಜ್ಯದ ಹಲವೆಡೆ ಚಹಾದಂಗಡಿ, ಬೇಕರಿಗಳವರು ಹಾಲಿನ ವಸ್ತು ಮಾರದೆ, ಹಾಲಿಲ್ಲದ ಚಹಾ ಕೊಟ್ಟು ಪ್ರತಿಭಟಿಸಿದರು. 25ಕ್ಕೆ ಬಂದ್ ಕರೆ ಇತ್ತು. 23ರಂದು ವ್ಯಾಪಾರಿಗಳ ಜೊತೆ ಸಭೆ ನಡೆಸಿದ ಮುಖ್ಯಮಂತ್ರಿ ಸಿದ್ದರಾಮಯ್ಯ ಕೊಟ್ಟ ಲೆಕ್ಕದಂತೆ ಸುಮಾರು 9,000 ವ್ಯಾಪಾರಿಗಳಿಗೆ 18,000 ನೋಟಿಸ್ ಹೋಗಿದ್ದವು. ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ಮುಂದೆ ನೋಂದಣಿ ಮಾಡಿಸಿಕೊಳ್ಳಬೇಕು ಎಂಬಲ್ಲಿಗೆ ಮಾತು ಮುಗಿದು ಬಂದ್ ನಿಂತಿತು. ಎರಡು ತಿಂಗಳಾಗುವಷ್ಟರಲ್ಲಿ, ಸೆಪ್ಟೆಂಬರ್ 22ರಂದು, ಶೇ 12 ಮತ್ತು 28ರ ಹಂತಗಳನ್ನು ಬಹುತೇಕ ತೆಗೆದ ಹೊಸ ದರಪಟ್ಟಿ ದೇಶಕ್ಕೆಲ್ಲ ಬಂತು. ಸವಣೂರಿನ ಪೊಟ್ಟಣದ ಖಾರವೂ ಹಾನಗಲ್ಲಿನ ಮಾವಿನ ತಿರುಳೂ ಶೇ 5ಕ್ಕೆ ಇಳಿದವು. ಒಳ್ಳೆಯದೇ ಆಯಿತು.

ನೋಂದಣಿ ಎಂದರೆ ಹೆದರುವವರಿಗೆ ಒಂದು ಲೆಕ್ಕ ಹೇಳಬೇಕು. ತೆರಿಗೆ ಬೀಳುವ ಸರಕು ಮಾರುವ ಸಣ್ಣ ಅಂಗಡಿಯವರಿಗೆ ಕಾಂಪೊಸಿಷನ್ ಎಂಬ ರಾಜಿ ತೆರಿಗೆ ಪದ್ಧತಿ ಇದೆ. ವರ್ಷಕ್ಕೆ ಒಂದೂವರೆ ಕೋಟಿಯವರೆಗೆ ವಹಿವಾಟು ಇರುವವರು ಶೇ 1 ಕಟ್ಟಿದರೆ ಸಾಕು. 40.75 ಲಕ್ಷಕ್ಕೆ ಅದು ವರ್ಷಕ್ಕೆ 40,750 ರೂಪಾಯಿ, ದಿನಕ್ಕೆ 112. ಶೇ 18ರ ಹೊರೆಯ ಮುಂದೆ ಹದಿನೆಂಟರಲ್ಲಿ ಒಂದು ಪಾಲು. ಚಹಾದಂಗಡಿ, ಖಾನಾವಳಿಗೆ ಶೇ 5, ಹತ್ತು ರೂಪಾಯಿಯ ಕಪ್ಪಿಗೆ 50 ಪೈಸೆ. ಇದನ್ನು ಗಿರಾಕಿಯಿಂದ ಬೇರೆಯಾಗಿ ವಸೂಲು ಮಾಡುವಂತಿಲ್ಲ, ತನ್ನ ಲಾಭದಲ್ಲೇ ಕೊಡಬೇಕು. ಆದರೆ ಮೊದಲೇ ನೋಂದಣಿ ಮಾಡಿಸಿದವರಿಗೆ ಮಾತ್ರ ಈ ದಾರಿ; ನೋಟಿಸ್ ಬಂದ ಮೇಲೆ ಹಳೆಯ ವರ್ಷಗಳಿಗೆ ಇದನ್ನು ಬೇಡುವ ಹಾಗಿಲ್ಲ. ವ್ಯಾಪಾರಕ್ಕೊಂದು ಖಾತೆ, ಮನೆಗೊಂದು ಖಾತೆ ಬೇರೆ ಇಟ್ಟುಕೊಂಡು, ರೈತನಿಂದ ಕೊಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ, ನೂರು ಹಾಳೆಯ ಆ ಒಂದು ಪುಸ್ತಕ ಕ್ಯೂಆರ್ ಕೋಡ್ ಹೇಳಲಾರದ್ದನ್ನು ಹೇಳುತ್ತದೆ.

ಗೆರೆಯ ಮಾತು ಬಾಕಿ ಇದೆ. 40 ಲಕ್ಷದ ಮಿತಿ ಜಾರಿಗೆ ಬಂದದ್ದು 2019ರ ಏಪ್ರಿಲ್ 1ರಂದು. ಅಂದಿನಿಂದ ನೋಟಿಸ್ ಬರುವವರೆಗೆ ಆರು ವರ್ಷ ಅದು ಅಲುಗಲಿಲ್ಲ. ಉಳ್ಳಾಗಡ್ಡಿ, ಎಣ್ಣೆ, ಬಾಡಿಗೆಯ ದರಗಳು ಅಲ್ಲೇ ನಿಂತಿರಲಿಲ್ಲ. ಅಷ್ಟೇ ಚೀಲ ಮಾರಿದರೂ ಬೆಲೆ ಏರಿದ ಮಾತ್ರಕ್ಕೆ ವಹಿವಾಟು ಹಿಗ್ಗುತ್ತದೆ. ವರ್ಷಕ್ಕೆ ಶೇ 5ರಂತೆ ಮಿತಿಯನ್ನೂ ಏರಿಸುತ್ತ ಬಂದಿದ್ದರೆ 2025ರ ಏಪ್ರಿಲ್ ಹೊತ್ತಿಗೆ ಅದು 53 ಲಕ್ಷ 60 ಸಾವಿರ, ದಿನಕ್ಕೆ 14,685 ರೂಪಾಯಿ ಆಗಿರುತ್ತಿತ್ತು. ಇದನ್ನು ಏರಿಸುವ ಮಾತು ಆಗಬೇಕಾದದ್ದು ಜಿಎಸ್‌ಟಿ ಮಂಡಳಿಯಲ್ಲಿ. ಅಲ್ಲಿ ಮತದ ಮೂರನೇ ಒಂದು ಪಾಲು ಕೇಂದ್ರದ್ದು, ಮೂರನೇ ಎರಡು ಪಾಲು ರಾಜ್ಯಗಳದ್ದು, ತೀರ್ಮಾನಕ್ಕೆ ಬೇಕಾದದ್ದು ನಾಲ್ಕರಲ್ಲಿ ಮೂರು ಪಾಲು. ಕರ್ನಾಟಕದ ಮಂತ್ರಿಗಳೂ ಅಲ್ಲಿ ಕೂರುತ್ತಾರೆ. ಮುಂದಿನ ಸಲ ಹೋಗುವಾಗ ಹಾವೇರಿಯ 205 ರೂಪಾಯಿಯ ಲೆಕ್ಕವನ್ನು ಕಡತದಲ್ಲಿ ಇಟ್ಟುಕೊಂಡು ಹೋಗಲಿ.