ಹಿತ್ತಲ ಗಿಡದ ಕಂಟಕ ಯಾರು?

ದಾಸವಾಳದ ಕುಡಿ ಸುರುಟಿಕೊಂಡಿದೆ, ಮೊಗ್ಗಿನ ಬುಡಕ್ಕೆ ಬಿಳಿ ಹಿಟ್ಟು ಮೆತ್ತಿಕೊಂಡಿದೆ. ಬೆಂಗಳೂರಿನ ತಾರಸಿಯಲ್ಲಾಗಲಿ, ಶಿರಸಿಯ ಹಿತ್ತಲಲ್ಲಾಗಲಿ, ಇದನ್ನು ಕಂಡವರು ಸಾಮಾನ್ಯವಾಗಿ ಮಾಡುವುದು ಒಂದೇ ಕೆಲಸ. ಅಂಗಡಿಗೆ ಹೋಗಿ ‘ಹುಳಕ್ಕೆ ಔಷಧಿ ಕೊಡಿ’ ಎನ್ನುತ್ತಾರೆ. ಯಾವ ಹುಳ ಎಂದು ಅಂಗಡಿಯವರು ಕೇಳುವುದಿಲ್ಲ. ಕೇಳಿದರೂ ಹೇಳಲು ಗೊತ್ತಿರುವುದಿಲ್ಲ. ಮನೆ ತೋಟದಲ್ಲಿ ಹುಳುವಿಗಿಂತ ಹೆಚ್ಚು ಹಾನಿ ಮಾಡುವುದು ಈ ಅವಸರವೇ.

ಆ ಬಿಳಿ ಹಿಟ್ಟು ಹಿಟ್ಟು ತಿಗಣೆಯದು. ಮೂರು ಮಿಲಿಮೀಟರಿನಷ್ಟು ಉದ್ದದ ಮೆತ್ತನೆಯ ಕೀಟ, ಮೈಮೇಲೆ ಮೇಣದ ಹೊದಿಕೆ, ರಸ ಹೀರುವುದೇ ಕಸುಬು. ಆದರೆ ಅದೇ ಗುಂಪಿನ ನಡುವೆ ಇನ್ನೊಂದು ಬಿಳಿ ಹುಳ ಇರಬಹುದು. ಗಾತ್ರದಲ್ಲಿ ದೊಡ್ಡದು, ಮೈತುಂಬ ಉದ್ದುದ್ದ ಮೇಣದ ಎಳೆಗಳು. ಕಡ್ಡಿಯಿಂದ ಮುಟ್ಟಿದರೆ ಸರಸರನೆ ಓಡುತ್ತದೆ. ಹಿಟ್ಟು ತಿಗಣೆ ಹಾಗೆ ಓಡುವುದಿಲ್ಲ. ಓಡುವ ಈ ಹುಳ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಹಿಟ್ಟು ತಿಗಣೆಯೇ ಅದರ ಆಹಾರ. ಕಾಫಿ ಗಿಡದ ಕೀಟ ತಡೆಯಲೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ಭಾರತಕ್ಕೆ ತಂದ ಈ ಜೀವಿ ಇಲ್ಲಿಯದೇ ಆಗಿ ನೆಲೆಸಿದೆ. ‘ದೊಡ್ಡ ಹಿಟ್ಟು ತಿಗಣೆ’ ಎಂದುಕೊಂಡು ಇದನ್ನು ಹೊಸಕಿ ಹಾಕಿದವರು ಎಷ್ಟೋ ಮಂದಿ.

ಕೀಟವನ್ನೇ ತಿಂದು ಬದುಕುವ ಕೀಟಗಳ ಕೆಲಸ ಎಂಥದೆಂದು ತಿಳಿಯಲು ಪಪ್ಪಾಯಿಯ ಕಥೆ ಕೇಳಬೇಕು. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಡೆಯ ಪಪ್ಪಾಯಿ ಹಿಟ್ಟು ತಿಗಣೆ 2008ರಲ್ಲಿ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡಿತು. ನೋಡನೋಡುತ್ತ ಕರ್ನಾಟಕ, ಕೇರಳ, ಮಹಾರಾಷ್ಟ್ರಕ್ಕೂ ಹಬ್ಬಿತು. ಪಪ್ಪಾಯಿಯ ಜೊತೆಗೆ ಹಿಪ್ಪುನೇರಳೆ, ದಾಸವಾಳ, ಬದನೆ, ಕೊನೆಗೆ ಪಾರ್ಥೇನಿಯಂ ಕಳೆಯನ್ನೂ ಬಿಡಲಿಲ್ಲ. ಕೀಟನಾಶಕ ಹೊಡೆದಷ್ಟೂ ತಿಗಣೆ ಮತ್ತೆ ಮತ್ತೆ ಚಿಗಿತುಕೊಂಡಿತು. ಮೇಣದ ಕೆಳಗಿದ್ದ ತಿಗಣೆ ಉಳಿದು, ಅದನ್ನು ತಿನ್ನುವ ಕೀಟಗಳು ಸಾಯುತ್ತಿದ್ದವು. 2010ರಲ್ಲಿ ಬೆಂಗಳೂರಿನ ಹೆಬ್ಬಾಳದ ರಾಷ್ಟ್ರೀಯ ಕೀಟ ಸಂಪನ್ಮೂಲ ಸಂಸ್ಥೆ, ಪೋರ್ಟೊರಿಕೊದಿಂದ ಮೂರು ಜಾತಿಯ ಪರಾವಲಂಬಿ ಕಣಜಗಳನ್ನು ತರಿಸಿ, ಸಾಕಿ, ತೋಟಗಳಿಗೆ ಬಿಟ್ಟಿತು. ಅವುಗಳಲ್ಲಿ ಗೆದ್ದದ್ದು ಅಸೆರೊಫೇಗಸ್ ಪಪಾಯೆ. ಒಂದು ಮಿಲಿಮೀಟರೂ ಇಲ್ಲದ ಈ ಕಣಜ ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿಂದಲೇ ತಿಂದು, ದುಂಡನೆಯ ತೂತು ಕೊರೆದು ಹೊರಬರುತ್ತದೆ. ಬೆಳೆಗಾರರು ಕೈಚೆಲ್ಲಿದ್ದ ಕಡೆಯೆಲ್ಲ ತಿಂಗಳುಗಳಲ್ಲೇ ಹಾವಳಿ ಇಳಿಯಿತು.

ಆದ್ದರಿಂದ ಭೂತಗನ್ನಡಿ ಹಿಡಿದು ಎಲೆ ಮಗುಚಿ ನೋಡುವುದು ತೋಟದ ಮೊದಲ ಕೆಲಸ. ಹೇನು, ತಿಗಣೆಗಳ ನಡುವೆ ಕಂದು ಬಣ್ಣಕ್ಕೆ ತಿರುಗಿದ, ಊದಿಕೊಂಡ, ಬೆನ್ನಲ್ಲಿ ತೂತಿರುವ ಟೊಳ್ಳು ಚಿಪ್ಪುಗಳು ಕಂಡರೆ ಕಣಜ ಆಗಲೇ ಬಂದಿದೆ ಎಂದರ್ಥ. ಆಗ ಸಿಂಪಡಣೆಯ ಡಬ್ಬಿಯನ್ನು ಒಂದು ವಾರ ಪಕ್ಕಕ್ಕಿಡುವುದು ಜಾಣತನ.

ಇನ್ನು ಇರುವೆ. ರಸ ಹೀರುವ ಕೀಟಗಳು ಸಿಹಿಯಾದ ಅಂಟು ದ್ರವ ಸುರಿಸುತ್ತವೆ, ಅದಕ್ಕಾಗಿ ಇರುವೆಗಳು ದನ ಕಾಯುವವರ ಹಾಗೆ ಅವನ್ನು ಕಾಯುತ್ತವೆ. ಗುಲಗಂಜಿ ಹುಳುವನ್ನೂ ಕಣಜವನ್ನೂ ಅಟ್ಟುತ್ತವೆ. ಆ ಅಂಟಿನ ಮೇಲೆಯೇ ಕಪ್ಪು ಬೂಷ್ಟು ಬೆಳೆದು ಎಲೆ ಮಸಿ ಹಿಡಿಯುವುದು. ಕಾಂಡಕ್ಕೆ ಟೇಪ್ ಸುತ್ತಿ ಅದರ ಮೇಲೆ ವ್ಯಾಸಲೀನ್ ಸವರಿದರೆ ಇರುವೆ ಹತ್ತುವುದಿಲ್ಲ. ಗೋಡೆಗೋ ಪಕ್ಕದ ಗಿಡಕ್ಕೋ ತಾಗಿರುವ ಕೊಂಬೆಯನ್ನು ಮಾತ್ರ ಮೊದಲೇ ಕತ್ತರಿಸಿರಬೇಕು, ಇಲ್ಲದಿದ್ದರೆ ಇರುವೆ ಆ ಸೇತುವೆಯಿಂದ ಬರುತ್ತದೆ. ಇರುವೆಯನ್ನು ತಡೆಯದೆ ಹಿಟ್ಟು ತಿಗಣೆ ತೊಳೆಯುವುದು ವ್ಯರ್ಥ ಶ್ರಮ.

ತೊಳೆಯುವುದು ಹೇಗೆ? ಮೊದಲು ರಭಸದ ನೀರು. ಆಮೇಲೆ ಲೀಟರ್ ನೀರಿಗೆ ಒಂದು ಚಮಚ ಮೆದುವಾದ ದ್ರವ ಸಾಬೂನು. ಸಾಬೂನು ಮೇಣವನ್ನು ಕರಗಿಸಿ ಕೀಟದ ಮೈ ಒಣಗಿಸುತ್ತದೆ. ಬಟ್ಟೆ ಒಗೆಯುವ ಪುಡಿ ಬೇಡವೇ ಬೇಡ, ಅದರ ಕ್ಷಾರ ಎಲೆಯನ್ನೇ ಸುಡುತ್ತದೆ. ಒಂದೆರಡು ಎಲೆಗೆ ಹಾಕಿ ಮರುದಿನ ನೋಡಿಕೊಂಡು ಇಡೀ ಗಿಡಕ್ಕೆ ಹಾಕಬೇಕು. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಬೇವಿನ ಸೋಪು, ಹೊಂಗೆ ಸೋಪುಗಳನ್ನು ಈ ಕೆಲಸಕ್ಕೆಂದೇ ರೂಪಿಸಿದೆ. ಎಣ್ಣೆಯನ್ನೂ ಸಾಬೂನನ್ನೂ ಬೇರೆಬೇರೆ ಅಳೆಯುವ ಕಷ್ಟ ಅವುಗಳಲ್ಲಿಲ್ಲ.

ಬೇವಿನೆಣ್ಣೆಯ ಮೇಲೆ ಅನೇಕರಿಗೆ ಮುನಿಸಿದೆ: ‘ಹಾಕಿದೆವು, ಏನೂ ಆಗಲಿಲ್ಲ.’ ಕಾರಣಗಳು ಸರಳ. ಎಣ್ಣೆಯನ್ನು ನೇರವಾಗಿ ನೀರಿಗೆ ಸುರಿದರೆ ಅದು ಮೇಲೆ ತೇಲುತ್ತದೆ. ಮೊದಲ ಸಿಂಪಡಣೆಯಲ್ಲಿ ಬರೀ ನೀರು, ಕೊನೆಯಲ್ಲಿ ಬರೀ ಎಣ್ಣೆ ಬೀಳುತ್ತದೆ. ಐದು ಎಂ.ಎಲ್. ಎಣ್ಣೆಯನ್ನು ಮೊದಲು ಸ್ವಲ್ಪ ಸಾಬೂನಿನ ಜೊತೆ ಚೆನ್ನಾಗಿ ಕಲಸಿ, ಹಾಲಿನ ಬಣ್ಣ ಬಂದ ಮೇಲೆ ಲೀಟರ್ ನೀರಿಗೆ ಬೆರೆಸಬೇಕು. ಅದರಲ್ಲಿರುವ ಅಜಾಡಿರಾಕ್ಟಿನ್ ಬಿಸಿಲಿಗೆ ಬೇಗ ಹಾಳಾಗುತ್ತದೆ, ಹಾಗಾಗಿ ಸಂಜೆಯೇ ಸರಿಯಾದ ಹೊತ್ತು. ಮುಖ್ಯವಾದ ಮಾತೆಂದರೆ ಅದು ಹುಳುವನ್ನು ತಕ್ಷಣ ಕೊಲ್ಲುವುದಿಲ್ಲ. ತಿನ್ನುವುದನ್ನು ಬಿಡಿಸುತ್ತದೆ, ಪೊರೆ ಬಿಟ್ಟು ಬೆಳೆಯುವುದನ್ನು ತಡೆಯುತ್ತದೆ. ವಾರಕ್ಕೊಮ್ಮೆಯಂತೆ ಮೂರು ಸಲ ಹಾಕಿದರೆ ಫಲ ಕಾಣುತ್ತದೆ. ಎಲೆಯ ಮೇಲ್ಭಾಗಕ್ಕೆ ಮಾತ್ರ ಹೊಡೆದು ಬಿಟ್ಟರೆ ಮೂರಲ್ಲ, ಮೂವತ್ತು ಸಲ ಹೊಡೆದರೂ ಅಷ್ಟೇ. ಹೇನು, ಬಿಳಿ ನೊಣ, ನುಸಿ ಇರುವುದೆಲ್ಲ ಅಡಿಯಲ್ಲಿ.

ಹಳ್ಳಿಗಳಲ್ಲಿ ಅವರೆ ಗಿಡಕ್ಕೆ ಹೇನು ಬಿದ್ದಾಗ ಬೆಳಗಿನ ಇಬ್ಬನಿ ಆರುವ ಮೊದಲು ಒಲೆಯ ಬೂದಿ ಎರಚುತ್ತಿದ್ದರು. ಮೆದು ಮೈಯ ಹೇನಿಗೆ ಅದು ಇವತ್ತಿಗೂ ಒಳ್ಳೆಯ ಉಪಾಯ. ಕಸ ಸುಟ್ಟ ಬೂದಿ ಮಾತ್ರ ಆಗದು, ಸೌದೆಯದೇ ಆಗಬೇಕು.

ಮೆಣಸಿನ ಗಿಡದ ಮುಟುರು ಹೆಚ್ಚು ಗಮನ ಬೇಡುವ ಸಮಸ್ಯೆ. ಎಲೆ ಮುದುಡಿದೆ ಎಂಬಷ್ಟಕ್ಕೇ ನಿಲ್ಲದೆ, ಯಾವ ಕಡೆಗೆ ಮುದುಡಿದೆ ಎಂದು ನೋಡಬೇಕು. ಅಂಚು ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ನುಸಿ. ಕೆಳಕ್ಕೆ ಮಡಚಿ, ಎಲೆಯ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಬಿಳಿ ಹಾಳೆಯ ಮೇಲೆ ಹೂವನ್ನೋ ಕುಡಿಯನ್ನೋ ತಟ್ಟಿದರೆ ಥ್ರಿಪ್ಸ್ ಸಣ್ಣ ಗೆರೆಗಳಾಗಿ ಹರಿದಾಡುವುದು ಕಾಣುತ್ತದೆ. ಮೈಟ್ ಬರಿಗಣ್ಣಿಗೆ ಸಿಗುವುದಿಲ್ಲ. ಮೈಟ್‌ಗೆ ನೀರಿನಲ್ಲಿ ಕರಗುವ ಗಂಧಕ, ಲೀಟರಿಗೆ ಮೂರು ಗ್ರಾಂ, ಒಳ್ಳೆಯ ಮದ್ದು. ಥ್ರಿಪ್ಸ್‌ಗೆ ಅದರಿಂದ ಪ್ರಯೋಜನವಿಲ್ಲ, ಅದಕ್ಕೆ ಬೇವು ಮತ್ತು ನೀಲಿ ಅಂಟು ಹಾಳೆ ಬೇಕು. ಗಂಧಕ ಹಾಕಿದ ಎರಡು ವಾರದೊಳಗೆ ಬೇವಿನೆಣ್ಣೆ ಹಾಕಿದರೆ ಎಲೆ ಸುಡುತ್ತದೆ ಎಂಬುದನ್ನು ಡಬ್ಬಿಗಳ ಮೇಲೆಯೇ ಬರೆದಿಟ್ಟುಕೊಳ್ಳುವುದು ಕ್ಷೇಮ. 2021ರಲ್ಲಿ ಆಂಧ್ರ, ತೆಲಂಗಾಣ ಮತ್ತು ಕರ್ನಾಟಕದ ಮೆಣಸಿನ ಹೊಲಗಳನ್ನು ಹೊಸ ಜಾತಿಯ ಥ್ರಿಪ್ಸ್ ಹಾಳುಗೆಡವಿತು. ಅದು ಹೂವಿನೊಳಗೇ ಅಡಗುವ ಬಗೆಯದು, ಹೂ ಉದುರಿದರೆ ಬಿಡಿಸಿ ನೋಡಬೇಕು.

ಟೊಮೆಟೊ ಗಿಡ ಮುದುಡಿ, ಹಳದಿಯಾಗಿ, ಗಿಡ್ಡಾಗಿ ನಿಂತರೆ ವಿಷಯ ಬೇರೆ. ಅದು ಬಿಳಿ ನೊಣ ತಂದ ವೈರಸ್. ಬೆಂಡೆ ಎಲೆಯ ನರಗಳು ಹಳದಿ ಬಲೆಯಾಗಿ ಕಾಣುವುದೂ ಅದೇ ನೊಣದ ಕೊಡುಗೆ. ವೈರಸ್ ಹಿಡಿದ ಗಿಡಕ್ಕೆ ಯಾವ ಔಷಧಿಯೂ ಇಲ್ಲ. ಹತ್ತು ದಿನ ಕಾದು, ಗೊಬ್ಬರ ಹಾಕಿ, ಮಜ್ಜಿಗೆ ಹೊಡೆದು ನೋಡುವ ಬದಲು ಕಿತ್ತು ತೆಗೆದರೆ ಪಕ್ಕದ ಗಿಡವಾದರೂ ಉಳಿಯುತ್ತದೆ. ತಡೆಯುವ ದಾರಿ ಬಿತ್ತುವ ಮೊದಲೇ ಇದೆ: ಸಸಿಗಳನ್ನು ಸಣ್ಣ ಕಣ್ಣಿನ ನೈಲಾನ್ ಪರದೆಯಡಿ ಬೆಳೆಸುವುದು, ರೋಗ ತಡೆಯುವ ತಳಿ ಆರಿಸುವುದು. ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯುವ ಟೊಮೆಟೊ ‘ಅರ್ಕಾ ರಕ್ಷಕ್’, ಹಳದಿ ನರ ರೋಗ ತಡೆಯುವ ಬೆಂಡೆ ‘ಅರ್ಕಾ ಅನಾಮಿಕ’ ಹೆಸರಘಟ್ಟದ ಸಂಸ್ಥೆಯವೇ.

ಟೊಮೆಟೊ ಕಾಯಿಯ ತಳ ಕಪ್ಪಾಗಿ ಚಪ್ಪಟೆಯಾದರೆ ಹುಳುವನ್ನೂ ರೋಗವನ್ನೂ ಹುಡುಕಬೇಕಿಲ್ಲ. ಕಾಯಿಗೆ ಸುಣ್ಣದಂಶ ತಲುಪುತ್ತಿಲ್ಲ, ಅದಕ್ಕೆ ಬಹುಪಾಲು ಕಾರಣ ಒಂದು ದಿನ ಬತ್ತಿಸಿ ಮರುದಿನ ಮುಳುಗಿಸುವ ನೀರಿನ ಕ್ರಮ. ಮೊಟ್ಟೆ ಸಿಪ್ಪೆ ಹಾಕಿದರೆ ಈ ಬೆಳೆಗೆ ಸಿಗುವುದಿಲ್ಲ, ಅದು ಕರಗಲು ಬಹಳ ಕಾಲ ಬೇಕು.

ಬದನೆಯ ಕುಡಿ ಮಧ್ಯಾಹ್ನದ ಹೊತ್ತಲ್ಲದೆ ಬೆಳಿಗ್ಗೆಯೂ ಜೋತು ಬಿದ್ದಿದ್ದರೆ ಒಳಗೆ ಕೊರಕ ಹುಳ ಕೂತಿದೆ. 2010ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ತಡೆಹಿಡಿದ ಬಿಟಿ ಬದನೆಯ ಇಡೀ ವಿವಾದ ಹುಟ್ಟಿದ್ದು ಈ ಹುಳುವಿನಿಂದಲೇ. ಸಿಂಪಡಿಸಿದ್ದು ಕಾಂಡದೊಳಗಿನ ಹುಳುವಿಗೆ ತಾಗುವುದಿಲ್ಲ. ಹತ್ತು ಗಿಡ ಇಟ್ಟುಕೊಂಡವರಿಗೆ ಕತ್ತರಿಗಿಂತ ದೊಡ್ಡ ಔಷಧಿಯಿಲ್ಲ: ಜೋತ ಕುಡಿಯನ್ನು ಎರಡು ಬೆರಳು ಕೆಳಗೆ ಕತ್ತರಿಸಿ, ತೂತಾದ ಕಾಯಿಗಳನ್ನೂ ಸೇರಿಸಿ ನಾಶ ಮಾಡಬೇಕು. ಗಿಡದ ಬುಡಕ್ಕೇ ಎಸೆದರೆ ಹುಳ ಅಲ್ಲೇ ಕೋಶ ಕಟ್ಟಿ ಮತ್ತೆ ಪತಂಗವಾಗುತ್ತದೆ.

ಹೀರೆ, ಹಾಗಲ ಎಳೆಯದರಲ್ಲೇ ಸೊಟ್ಟಗಾಗಿ ಕೊಳೆಯುವುದು ಹಣ್ಣು ನೊಣದಿಂದ. ಇಲ್ಲಿ ಒಂದು ತಪ್ಪು ಪದೇ ಪದೇ ನಡೆಯುತ್ತದೆ. ಮಾವು, ಸೀಬೆಯ ನೊಣವನ್ನು ಸೆಳೆಯುವ ಮೀಥೈಲ್ ಯೂಜಿನಾಲ್ ಬಲೆಯನ್ನು ತಂದು ಹಾಗಲದ ಚಪ್ಪರಕ್ಕೆ ನೇತುಹಾಕುತ್ತಾರೆ. ಬಳ್ಳಿ ತರಕಾರಿಯ ನೊಣ ಬೇರೆ, ಅದಕ್ಕೆ ‘ಕ್ಯೂ ಲ್ಯೂರ್’ ಬಲೆ ಬೇಕು. ಬಲೆಗೆ ಬೀಳುವುದು ಗಂಡು ನೊಣ ಮಾತ್ರ, ಹಾಗಾಗಿ ಒಂದೆರಡು ಬಳ್ಳಿಯಿದ್ದವರು ಹೂ ಬಾಡಿ ಮಿಡಿ ನಿಂತ ಕೂಡಲೇ ಕಾಗದದ ಚೀಲ ಕಟ್ಟುವುದೇ ಮೇಲು. ಕೊಳೆತ ಕಾಯಿಯನ್ನು ಗೊಬ್ಬರದ ಗುಂಡಿಗೆ ಹಾಕದೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ನಾಲ್ಕು ದಿನ ಬಿಸಿಲಿಗಿಟ್ಟರೆ ಒಳಗಿನ ಮರಿಗಳು ಸಾಯುತ್ತವೆ.

ಮಳೆಗಾಲದ ಶತ್ರು ಆಫ್ರಿಕದ ದೊಡ್ಡ ಬಸವನ ಹುಳು. 1847ರಲ್ಲಿ ವಿಲಿಯಂ ಬೆನ್ಸನ್ ಎಂಬ ಶಂಖತಜ್ಞ ಮಾರಿಷಸ್‌ನಿಂದ ಕಲ್ಕತ್ತೆಗೆ ತಂದ ಹುಳುಗಳಿಂದ ಇದರ ಭಾರತದ ವಂಶ ಶುರುವಾಯಿತು. ಪ್ರತಿ ಹುಳುವೂ ಗಂಡೂ ಹೌದು, ಹೆಣ್ಣೂ ಹೌದು; ಒಂದೇ ಸಲಕ್ಕೆ ನೂರಾರು ಮೊಟ್ಟೆ ಇಡಬಲ್ಲದು. ಸಂಜೆ ಒದ್ದೆ ಗೋಣಿಚೀಲದಡಿ ಎಲೆಕೋಸಿನ ಸಿಪ್ಪೆ, ಪಪ್ಪಾಯಿ ಎಲೆ ಹರಡಿಟ್ಟರೆ ಬೆಳಗಿನ ಜಾವ ಎಲ್ಲ ಅಲ್ಲೇ ಸೇರಿರುತ್ತವೆ. ಬರಿಗೈಯಲ್ಲಿ ಹಿಡಿಯಬಾರದು. ಇವುಗಳಲ್ಲಿರುವ ಪರಾವಲಂಬಿ ಹುಳು ಮನುಷ್ಯನ ಮಿದುಳಿನ ಪೊರೆಗೆ ಉರಿಯೂತ ತರಬಲ್ಲದು. ಕೈಗವಸು ಹಾಕಿ ಆಯ್ದು, ಗಟ್ಟಿ ಉಪ್ಪುನೀರಿನ ಬಕೆಟ್ಟಿಗೆ ಹಾಕಿ, ಆಳಕ್ಕೆ ಹೂಳಬೇಕು. ಉಪ್ಪನ್ನು ಪಾತಿಗೇ ಸುರಿದರೆ ಮಣ್ಣು ಕೆಡುತ್ತದೆ. ಅಂಗಡಿಯಲ್ಲಿ ಸಿಗುವ ಮೆಟಾಲ್ಡಿಹೈಡ್ ಗುಳಿಗೆ ನಾಯಿಗಳಿಗೆ ಪ್ರಾಣಾಂತಕ. ನಾಯಿ, ಬೆಕ್ಕು, ಮಕ್ಕಳು ಓಡಾಡುವ ಅಂಗಳಕ್ಕೆ ಅದನ್ನು ತರಲೇಬಾರದು.

ಕೆಲವನ್ನು ಸಹಿಸಿಕೊಳ್ಳಬಹುದು. ನಿಂಬೆ ಎಲೆಯ ಮೇಲೆ ಬೆಳ್ಳಿ ಗೆರೆ ಎಳೆಯುವ ರಂಗೋಲಿ ಹುಳು ಬೆಳೆದ ಗಿಡಕ್ಕೆ ಹೆಚ್ಚೇನೂ ಮಾಡದು. ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆಯ ವೇಷದಲ್ಲಿ ಕೂತು, ದೊಡ್ಡದಾದ ಮೇಲೆ ಹಸಿರಾಗುವ ಹುಳು ನಿಂಬೆ ಚಿಟ್ಟೆಯ ಮರಿ. ಮೊಣಕಾಲೆತ್ತರದ ಗಿಡವಾದರೆ ಕೈಯಿಂದ ತೆಗೆದರಾಯಿತು, ಆಳೆತ್ತರದ ಗಿಡ ಅದರ ಪಾಲನ್ನು ಕೊಡಬಲ್ಲದು.

ಹಾಗೆಯೇ ಎಲೆ ಹಳದಿಯಾದಾಗಲೆಲ್ಲ ಕೀಟವನ್ನು ದೂರುವುದು ತರವಲ್ಲ. ಕುಂಡದ ಗಿಡಗಳು ಹುಳುವಿಗಿಂತ ನೀರಿನಿಂದ ಹೆಚ್ಚು ಸಾಯುತ್ತವೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ, ತೇವವಿದ್ದರೆ ಆ ದಿನ ನೀರು ಬೇಡ. ತಳದ ತೂತು ಬೇರಿನಿಂದ ಮುಚ್ಚಿಹೋಗಿದೆಯೇ ಎಂದು ವರ್ಷಕ್ಕೊಮ್ಮೆ ಮಗುಚಿ ನೋಡಬೇಕು. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿದಿದ್ದರೆ ಕಬ್ಬಿಣದಂಶದ ಕೊರತೆ. ಗಡುಸು ಕೊಳವೆಬಾವಿ ನೀರು ಹಾಕುವ ಮನೆಗಳಲ್ಲಿ ಇದು ಸಾಮಾನ್ಯ, ಮಳೆನೀರು ಹಿಡಿದಿಟ್ಟು ಹಾಕಿದರೆ ಗಿಡ ಚೇತರಿಸಿಕೊಳ್ಳುತ್ತದೆ.

ಇಷ್ಟೆಲ್ಲ ನೋಡಿಯೂ ಗೊತ್ತಾಗದಿದ್ದರೆ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ ಅಥವಾ ತೋಟಗಾರಿಕೆ ಇಲಾಖೆಯವರನ್ನು ಕೇಳಬಹುದು. ಪೂರಾ ಒಣಗಿದ ಎಲೆ ಒಯ್ದರೆ ಅವರಿಗೂ ಏನೂ ತಿಳಿಯದು. ರೋಗ ಈಗಷ್ಟೇ ತಗುಲಿದ ಕೊಂಬೆ, ಪಕ್ಕದ ಆರೋಗ್ಯವಂತ ಕೊಂಬೆ, ಗಿಡ ಸೊರಗುತ್ತಿದ್ದರೆ ಮಣ್ಣಿನ ಸಮೇತ ಬೇರು, ಇಷ್ಟನ್ನು ಬೆಳಿಗ್ಗೆ ಕಿತ್ತು, ಹಳೆಯ ದಿನಪತ್ರಿಕೆಯಲ್ಲಿ ಸುತ್ತಿ ಒಯ್ಯಬೇಕು. ಪ್ಲಾಸ್ಟಿಕ್ಕಿನಲ್ಲಿ ಬೆವರಿ ಕೊಳೆಯುತ್ತದೆ. ಜೊತೆಗೆ ಎಷ್ಟು ದಿನಕ್ಕೊಮ್ಮೆ ನೀರು ಹಾಕಿದ್ದು, ಕಳೆದ ತಿಂಗಳಲ್ಲಿ ಏನೇನು ಸಿಂಪಡಿಸಿದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಕೊಡಬೇಕು.