ನಿಮಗಿದು ಗೊತ್ತೇ? ಮರೆವಿಗೆ ಮದ್ದು ಹುಡುಕುವ ಕಂಪ್ಯೂಟರು

● ಅಲ್ಜೈಮರ್ ಕಾಯಿಲೆಗೆ ವೈದ್ಯರು ಬರೆದುಕೊಡುವ ಗ್ಯಾಲಂಟಮಿನ್ ಮಾತ್ರೆಯ ಮೂಲ ಒಂದು ಹೂಗಿಡ! ಚಳಿಗಾಲ ಮುಗಿಯುವ ಮೊದಲೇ ಅರಳುವ ಸ್ನೋಡ್ರಾಪ್ ಎಂಬ ಬಿಳಿ ಹೂವು ಅದು. 1950ರ ದಶಕದಲ್ಲಿ ಸೋವಿಯತ್ ಒಕ್ಕೂಟ ಮತ್ತು ಬಲ್ಗೇರಿಯದ ವಿಜ್ಞಾನಿಗಳು ಇದರ ಮೇಲೆ ಕೆಲಸ ಮಾಡಿದರು. ಆರಂಭದಲ್ಲಿ ಈ ಮದ್ದನ್ನು ಪೋಲಿಯೊ ರೋಗಿಗಳಿಗೆ ಕೊಡುತ್ತಿದ್ದರು. ಅಲ್ಜೈಮರ್‌ಗೆ ಕೊಡಲು ಅಮೆರಿಕ ಒಪ್ಪಿದ್ದು 2001ರಲ್ಲಿ. ವೇಲ್ಸ್‌ನ ಗುಡ್ಡಗಳಲ್ಲಿ ಈಗ ಈ ಮದ್ದಿಗೆಂದೇ ಸ್ನೋಡ್ರಾಪ್‌ನ ನೆಂಟ ಡ್ಯಾಫೊಡಿಲ್ ಹೂಗಿಡ ಬೆಳೆಯುವವರಿದ್ದಾರೆ.

● ನೆನಪಿಗೆ ಬೇಕಾದ ಅಸಿಟೈಲ್‌ಕೋಲೀನ್ ಎಂಬ ರಾಸಾಯನಿಕವನ್ನು ಮಿದುಳಿನ ಒಂದು ಕಿಣ್ವ ಒಡೆಯುತ್ತಲೇ ಇರುತ್ತದೆ. ಗ್ಯಾಲಂಟಮಿನ್ ಅದರ ಕೈ ಕಟ್ಟುತ್ತದೆ. ಕಾಯಿಲೆ ವಾಸಿಯಾಗುವುದಿಲ್ಲ, ಲಕ್ಷಣಗಳು ಕೆಲಕಾಲ ಹತೋಟಿಯಲ್ಲಿರುತ್ತವೆ, ಅಷ್ಟೆ.

● ಆ ಕಿಣ್ವದ ಆಕಾರ ಮೊದಲು ಬಯಲಾದದ್ದು ಮೀನಿನಿಂದ! ತೊರಕೆಯ ನೆಂಟನಾದ, ಮುಟ್ಟಿದರೆ ಕರೆಂಟು ಹೊಡೆಯುವ ಟಾರ್ಪಿಡೊ ಮೀನಿನ ಕಿಣ್ವವನ್ನು 1991ರಲ್ಲಿ ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ಜೋಯೆಲ್ ಸಸ್‌ಮನ್, ಇಸ್ರೇಲ್ ಸಿಲ್ಮನ್ ಮತ್ತು ಸಂಗಡಿಗರು ಬಿಡಿಸಿ ತೋರಿಸಿದರು. ಒಳಗೆ ಬಾವಿಯಂಥ ಕೊರಕಲು. ಆಳ ಒಂದು ಮಿಲಿಮೀಟರಿನ ಐದು ಲಕ್ಷದಲ್ಲೊಂದು ಪಾಲು!

● ಗಿಡಮೂಲಿಕೆಯದೋ ಬೇರೆಯದೋ ಅಣುಗಳನ್ನು ಇಂಥ ಕೊರಕಲಿಗೆ ಕಂಪ್ಯೂಟರಿನಲ್ಲೇ ಇಳಿಸಿ, ಯಾವುದು ಬಿಗಿಯಾಗಿ ಕೂರುತ್ತದೆಂದು ಅಂಕ ಕೊಡುವುದೇ ಡಾಕಿಂಗ್. ಇದರ ಮೊದಲ ಪ್ರೋಗ್ರಾಂ ಬಂದದ್ದು 1982ರಲ್ಲಿ, ಕ್ಯಾಲಿಫೋರ್ನಿಯದ ಇರ್ವಿನ್ ಕುಂಟ್ಜ್ ತಂಡದಿಂದ. ಇಂದು ಇಂಥ ತಂತ್ರಾಂಶ ಪುಕ್ಕಟೆ, ಸಾಧಾರಣ ಲ್ಯಾಪ್‌ಟಾಪ್ ಸಾಕು. ಡಾಕಿಂಗ್ ಕುರಿತ ಸಂಶೋಧನಾ ಪ್ರಬಂಧಗಳ ಮಹಾಪೂರಕ್ಕೆ ಅದೂ ಒಂದು ಕಾರಣ!

● ಹೀಗೆ ಇಳಿಸಿ ನೋಡಲು ಅಣುಗಳಿಗೆ ಬರವಿಲ್ಲ: ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ 'ಇಂಪ್ಯಾಟ್' ಎಂಬ ಮಾಹಿತಿ ಕೋಶದಲ್ಲಿ ಭಾರತದ 4,000ಕ್ಕೂ ಹೆಚ್ಚು ಔಷಧೀಯ ಸಸ್ಯಗಳ ಸುಮಾರು 18,000 ರಾಸಾಯನಿಕಗಳ ವಿವರವಿದೆ.

● ಅಂಕ ಹೆಚ್ಚು ಬಂದರೆ ಮದ್ದಾಯಿತೇ? ಇಲ್ಲ. ಅಣು ದೊಡ್ಡದಾದಷ್ಟೂ ಅಂಕ ಏರುವುದು ಡಾಕಿಂಗ್‌ನ ಹಳೆಯ ಚಾಳಿ. ನಮ್ಮ ಒಂದೆಲಗವನ್ನೇ ನೋಡಿ. ತಂಬುಳಿ ಮಾಡಿ ಉಣ್ಣುವ ಆ ಸೊಪ್ಪಿನಲ್ಲಿರುವ ಏಷ್ಯಾಟಿಕೊಸೈಡ್‌ನ ಅಣುತೂಕ ಸುಮಾರು 959. ನುಂಗುವ ಮಾತ್ರೆಯ ಅಣು 500 ದಾಟದಿದ್ದರೆ ಲೇಸು ಎನ್ನುತ್ತದೆ 1997ರ ಲಿಪಿನ್‌ಸ್ಕಿ ಸೂತ್ರ. ಮೇಲಾಗಿ ಹೊಟ್ಟೆಗಿಳಿದ ಮೇಲೆ ಅದರ ಸಕ್ಕರೆಯ ಭಾಗ ಕಳಚಿ ಏಷ್ಯಾಟಿಕ್ ಆಮ್ಲ ಉಳಿಯುತ್ತದೆ. ಅಂದರೆ ಕಂಪ್ಯೂಟರಿನಲ್ಲಿ ಕೂರಿಸಿದ ಅಣು ಬೇರೆ, ರಕ್ತಕ್ಕೆ ಸೇರುವುದು ಬೇರೆ! ಆಮೇಲೆ ರಕ್ತದಿಂದ ಮಿದುಳಿಗೆ ದಾಟಲು ಇನ್ನೊಂದು ಕಟ್ಟುನಿಟ್ಟಿನ ಗಡಿಯಿದೆ.

● ಡಾಕಿಂಗ್‌ನಲ್ಲಿ ಮಿಂಚುವ ಅರಿಸಿನದ ಕರ್ಕ್ಯುಮಿನ್, ಅಲ್ಜೈಮರ್ ರೋಗಿಗಳಿಗೆ 24 ವಾರ ಕೊಟ್ಟು ನೋಡಿದ ಪ್ರಯೋಗದಲ್ಲಿ ಫಲ ಕೊಡಲಿಲ್ಲ. ಗಿಂಕೋ ಮರದ ಎಲೆಯ ಸಾರವನ್ನು 75 ದಾಟಿದ 3,069 ಮಂದಿಯ ಮೇಲೆ ಅಮೆರಿಕದಲ್ಲಿ ವರ್ಷಗಟ್ಟಲೆ ಪರೀಕ್ಷಿಸಿದರು. 2008ರಲ್ಲಿ ಫಲಿತಾಂಶ ಬಂತು: ಮರೆಗುಳಿತನ ತಡೆಯಲಿಲ್ಲ.

● ಕಂಪ್ಯೂಟರಿನಲ್ಲಿ ಕಟ್ಟಿದ ಪ್ರೋಟೀನಿನ ರೂಪ ಸರಿಯಿದೆಯೇ ಎಂದು ಪ್ರಪಂಚವೆಲ್ಲ ಪರೀಕ್ಷಿಸುವುದು 'ರಾಮಚಂದ್ರನ್ ನಕ್ಷೆ'ಯಿಂದ. 1963ರಲ್ಲಿ ಮದ್ರಾಸಿನಲ್ಲಿ ಅದನ್ನು ಕೊಟ್ಟ ಜಿ. ಎನ್. ರಾಮಚಂದ್ರನ್, ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗ ಕಟ್ಟಿದರು.

● 'ಈ ಸೊಪ್ಪಿನಲ್ಲಿ ಅಲ್ಜೈಮರ್‌ಗೆ ಮದ್ದು ಪತ್ತೆ' ಎಂಬ ಸುದ್ದಿ ಕಂಡರೆ ಒಳಗೆ 'ಇನ್ ಸಿಲಿಕೊ' ಎಂಬ ಪದವಿದೆಯೇ ನೋಡಿ. ಬರೀ ಅದಷ್ಟೇ ಇದ್ದರೆ ಪರೀಕ್ಷೆ ನಡೆದದ್ದು ಕಂಪ್ಯೂಟರಿನಲ್ಲಿ ಮಾತ್ರ, ಮದ್ದು ಇನ್ನೂ ಒಂದು ಇಲಿಯನ್ನೂ ಮುಟ್ಟಿಲ್ಲ. ಅದನ್ನು ನೆಚ್ಚಿ ಮನೆಯ ಹಿರಿಯರ ಮಾತ್ರೆ ನಿಲ್ಲಿಸಬೇಡಿ.